ಕೆಂಪು ಬಾಳೆಹಣ್ಣು ಮತ್ತು ದೂರದ ದ್ವೀಪದ ಖಬರು

ಸೇಡಂ ರಸ್ತೆಯ ತಳ್ಳುಬಂಡಿಯಲ್ಲಿ ಇವತ್ತು ಕಮಲಾಪುರದ ಕೆಂಪು ಬಾಳೆಹಣ್ಣು ಕಂಡಿತು. ಅದರ ಘಮ ಮೂಗಿಗೆ ಬಡಿದದ್ದೇ ತಡ, ಜೇವರ್ಗಿ ಕಾಲೋನಿಯ ಸುಶೀಲತ್ತೆಯ ರೇಡಿಯೊ ಕೋಣೆ ನೆನಪಾಯಿತು.

ಅತ್ತೆ ಹ್ಯಾಮ್ ರೇಡಿಯೊದವರು; ಮನೆಯ ಸೆಟ್ಟಿನಿಂದಲೇ ದೂರದೇಶದ ಹವ್ಯಾಸಿಗಳ ಜೊತೆ ಮಾತಾಡುವವರು. ಕಮಲಾಪುರದ ಕರೀಂ ಮಾಸ್ತರರೂ ಹಾಗೆಯೇ. ಇಬ್ಬರ ನಡುವೆ ಒಂದು ಕರಾರಿತ್ತು. ದೂರದ ಸ್ಟೇಷನ್ ಯಾರಿಗೆ ಮೊದಲು ಕೇಳಿಸಿದರೂ, ತಾವು ಅದನ್ನು ಕರೆಯುವ ಮುಂಚೆ ಇನ್ನೊಬ್ಬರಿಗೆ, ತಮ್ಮಿಬ್ಬರ ಮಾತಿಗೆಂದೇ ಇದ್ದ ಸಣ್ಣ ಸೆಟ್ಟಿನಲ್ಲಿ ಖಬರು ಕೊಡಬೇಕು. ಆ ಖಬರಿನಿಂದ ಸ್ಟೇಷನ್ ಸಿಕ್ಕವರು ಮರುದಿನ ಬಸ್ಸಿನಲ್ಲಿ ತಿನ್ನಲು ಏನಾದರೂ ಕಳಿಸಬೇಕು. ಅತ್ತೆಯದು ಶೇಂಗಾ ಹೋಳಿಗೆ, ಮಾಸ್ತರರದು ಕೆಂಪು ಬಾಳೆಹಣ್ಣು.

ನಾನು ಚಿಕ್ಕವಳಿದ್ದಾಗ ಒಂದು ಬೆಳಿಗ್ಗೆ, ಅತ್ತೆ ವರ್ಷಗಟ್ಟಲೆ ಕಾದಿದ್ದ ಪೆಸಿಫಿಕ್ ದ್ವೀಪವೊಂದರ ದನಿ ಗರಗರ ಸದ್ದಿನ ನಡುವೆ ಕೇಳಿಸಿತು. ಅತ್ತೆಯ ಕೈ ದೊಡ್ಡ ಸೆಟ್ಟಿನ ಮೈಕಿನತ್ತ ಹೋಯಿತು. ಆದರೂ ಸಣ್ಣ ಸೆಟ್ಟಿನ ಕಡೆಗೇ ತಿರುಗಿದರು.

"ಮಾಸ್ತರ್ರ, ದ್ವೀಪ ಬಂದದ. ಲಗೂ ಬರಕೋರಿ," ಎಂದು ಫ್ರೀಕ್ವೆನ್ಸಿ ಹೇಳಿದರು.

ಮಾಸ್ತರರಿಗೆ ಒಂದೇ ಕೂಗಿಗೆ ದ್ವೀಪದಿಂದ ಉತ್ತರ ಬಂತು. ಅತ್ತೆ ಕರೆಯುವಷ್ಟರಲ್ಲಿ ದನಿ ಕರಗಿಹೋಗಿತ್ತು.

ಪಕ್ಕದಲ್ಲಿ ಕೂತಿದ್ದ ನನಗೆ ಅಳುವೇ ಬಂತು. "ಮೊದ್ಲ ನೀನ ಕರೀಬೇಕಿತ್ತು ಅತ್ತಿ."

"ಹುಚ್ಚಿ, ಅವ್ರಿಗೆ ಸಿಕ್ತಲ್ಲ. ಖಬರ್ ನಂದ ಅದ," ಎಂದು ಅತ್ತೆ ಮೈಯೆಲ್ಲ ಕುಲುಕುವಂತೆ ನಕ್ಕರು.

ಮರುದಿನ ಬಸ್ಸಿನಿಂದ ಇಡೀ ಗೊನೆಯೇ ಇಳಿಯಿತು. ಓಣಿಯವರೆಲ್ಲ ತಿಂದರು.

ಈಗ ಜಗತ್ತಿನ ಹ್ಯಾಮ್‌ಗಳೆಲ್ಲ ಕೊಡುವ ಖಬರು ಆ ಕ್ಷಣವೇ ಅತ್ತೆಯ ಮೊಬೈಲಿಗೆ ಬರುತ್ತದೆ; ಬಸ್ಸಿನಲ್ಲಿ ಹಣ್ಣು ಬರುವುದಿಲ್ಲ. ತಳ್ಳುಬಂಡಿಯ ಹಣ್ಣು ಕೊಂಡು ಒಯ್ದು ಅತ್ತೆಯ ಮುಂದಿಟ್ಟೆ. ಅತ್ತೆ ಕನ್ನಡಕ ಏರಿಸಿಕೊಂಡು ಕೇಳಿದರು:

"ಮಾಸ್ತರ್ರಿಗೆ ಯಾವ ಸ್ಟೇಷನ್ ಸಿಕ್ತಂತ?"