ಮಂದೆಯ ಹಿಂದೆ ಪರದೇಶಕ್ಕೆ

ತುಂಗಭದ್ರೆಯ ಆಚೆ ದಂಡೆ ಆಗ ನಿಜಾಮರ ರಾಜ್ಯ. ಆದೋನಿಯ ನಮಗೆ ಅದೇ ಪರದೇಶ. ರಜೆಯಲ್ಲಿ ಅಲ್ಲೆಲ್ಲ ನಡೆದಾಡಿ ಬರಬೇಕೆಂದು ಗೆಳೆಯನೂ ನಾನೂ ಯೋಚಿಸಿದೆವು. ಕೈಯಲ್ಲಿ ಹಣವಿರಲಿಲ್ಲ. ಆದರೆ ಕುರಿಮಂದೆ ತಂಗಿದ ಹೊಲಕ್ಕೆ ಗೊಬ್ಬರ ಸಿಗುವುದರಿಂದ ರೈತರು ಕುರುಬರಿಗೆ ಜೋಳ ಕೊಡುತ್ತಿದ್ದರು. ಅವರ ಜೊತೆ ನಡೆದರೆ ಊಟದ ಚಿಂತೆಯಿಲ್ಲ. ಮಂದೆಯೊಂದಿಗೆ ನದಿ ದಾಟಲಿದ್ದ ಕೋಸಗಿಯ ಅಜ್ಜಿಯೊಬ್ಬಳನ್ನು ಕೇಳಿದೆವು. ಆಕೆ ಒಲ್ಲೆನೆಂದರೆ ಪ್ರವಾಸವೇ ಇಲ್ಲ.

ಗೆಳೆಯ ನಕಾಶೆ ಬಿಡಿಸಿ, “ಮೊದಲು ರಾಯಚೂರಿಗೆ ಹೋಗೋಣ,” ಎಂದ.

“ಅದನ್ನ ಕುರಿಗೆ ತೋರ್ಸಪ್ಪ,” ಅಜ್ಜಿ ನಕ್ಕಳು. “ಯಾರು ಹೊಲಕ್ಕ ಕರೀತಾರೋ ಅಲ್ಲಿಗೆ ಹೋಗೋದೈತಿ. ಬರ್ತೀರೇನ್ರಿ?”

ಬರುತ್ತೇವೆಂದೆವು. ಹೊರಡುವವರೆಗೂ ಕಣ್ಣು ಮುಚ್ಚಿದರೆ ಸಾಕು, ನಮ್ಮನ್ನು ಇನ್ನೂ ಕರೆಯದ ಹೊಲಗಳು ಆಚೆ ದಂಡೆಯಲ್ಲಿ ಮಂಜಿನಂತೆ ಹರಡಿಕೊಳ್ಳುತ್ತಿದ್ದವು.