ಹುಣ್ಣಿಮೆಗೆ ಕಾದ ಕಯಾಕ್

ಹಳೇಬೀಡಿನ ಕೆರೆಯಲ್ಲಿ ನನಗೆ ಕಯಾಕ್ ದೋಣಿ ನಡೆಸಲು ಕಲಿಸಿದವರು ನಮ್ಮ ಬೀದಿಯ ಅರ್ಚಕರು. ಜನಿವಾರದ ಮೇಲೆ ಲೈಫ್ ಜಾಕೆಟ್ ಬಿಗಿದು, ಬೇಕೆಂದೇ ದೋಣಿಸಮೇತ ಮಗುಚಿಕೊಂಡು, ಹುಟ್ಟು ಬೀಸಿ ಮೇಲೆದ್ದು, "ಗಾಬರಿ ಯಾಕ್ರೀ?" ಅನ್ನೋರು. ಇದೆಲ್ಲ ಸಮುದ್ರಕ್ಕೆ ತಯಾರಿಯಂತೆ.

ಒಂದು ಭಾನುವಾರ ಮಲ್ಪೆಗೆ ಹೋದೆವು. ಅಲೆಗಳು ಶಾಂತವಾಗಿದ್ದರೂ ಅವರು ನೀರಿಗಿಳಿಯಲಿಲ್ಲ. "ಹುಣ್ಣಿಮೆ, ಅಮಾವಾಸ್ಯೆ ಬಿಟ್ಟು ಸಮುದ್ರ ಮುಟ್ಟಬಾರದು ಅಂತ ಶಾಸ್ತ್ರ ಕಣ್ರೀ."

ಸರಿ, ಹುಣ್ಣಿಮೆಗೇ ಕರೆದುಕೊಂಡು ಹೋದೆ. ಕಯಾಕ್ ಬಾಡಿಗೆಗೆ ಕೊಡುವವನು ಬಿಡಲಿಲ್ಲ. "ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಜೋರುಂಟು. ಬೇರೆ ದಿನ ಬನ್ನಿ."

ಇದೊಳ್ಳೆ ಕತೆಯಾಯ್ತಲ್ಲ! ಹಾಗಾದರೆ ಇಳಿಯೋದು ಯಾವತ್ತು? ಇಬ್ಬರಲ್ಲಿ ಯಾರ ಮಾತು ಮೀರಬೇಕೋ ನನಗೆ ತಿಳಿಯಲಿಲ್ಲ.

ಮಾರನೇ ಸಂಜೆ ಕೆರೆಯಲ್ಲಿ ಮಗುಚಿಕೊಂಡ ಅರ್ಚಕರು ಎಷ್ಟೊತ್ತಾದರೂ ಏಳಲಿಲ್ಲ. ನಾನು ಕೂಗಿಕೊಂಡ ಮೇಲೆ ಎದ್ದರು. ಅವತ್ತು ಮಾತ್ರ "ಗಾಬರಿ ಯಾಕ್ರೀ?" ಅನ್ನೋ ಬದಲು, "ಸಮುದ್ರಕ್ಕೆ ಇಳಿಯೋದು ಯಾವತ್ತು ಕಣ್ರೀ?" ಅಂದರು.