ಪ್ರಕಾಶ ನನ್ನ ಮಾತು ಕೇಳಿದ್ದ

ಸವಿತಾ, ಆ ದಿನ ಆಸ್ಪತ್ರೆಯಲ್ಲಿ ನಾನು ನಿಮಗೆ ಸುಳ್ಳು ಹೇಳಿದೆ. ನಿಮ್ಮ ಗಂಡ ನನ್ನ ಮಾತು ಮೀರಿ ಆ ಹಿಮದ ಇಳಿಜಾರಿಗೆ ಇಳಿಯಲಿಲ್ಲ — ನನ್ನ ಮಾತು ನಂಬಿಯೇ ಇಳಿದ.

ಪ್ರತಿ ಚಳಿಗಾಲ ನಾನು ಆಸ್ಟಿನ್‌ನಿಂದ, ಅವನು ಶುಗರ್ ಲ್ಯಾಂಡಿನಿಂದ ಹೊರಟು, ಕೊಲೊರಾಡೊದ ಬೆಟ್ಟಗಳಲ್ಲಿ ಸ್ಕೀ ಮಾಡಲು ಹೋಗುತ್ತಿದ್ದೆವು. ಜನರಿಲ್ಲದ, ಯಾರ ಕಾವಲೂ ಇಲ್ಲದ ಬೆಟ್ಟಗಳೇ ಬೇಕು ನಮಗೆ. ಹಿಮಕುಸಿತದ ತರಬೇತಿ ಪಡೆದವನು ನಾನು. ಪ್ರಕಾಶ ದಂತವೈದ್ಯ. "ಹಲ್ಲು ನನಗ ಬಿಡು, ಹಿಮಾ ನಿನಗ ಬಿಟ್ಟೀನಿ" ಎನ್ನುತ್ತಿದ್ದ.

ಆ ಬೆಳಿಗ್ಗೆ ಹಿಮಕುಸಿತದ ಮುನ್ಸೂಚನೆಯನ್ನು ನಾನು ಓದಿದ್ದೆ. ಒಳಗೆ ಸಕ್ಕರೆಯಂತೆ ಸಡಿಲವಾದ ಹಳೆಯ ಪದರ, ಅದರ ಮೇಲೆ ಗಾಳಿ ತಂದು ಪೇರಿಸಿದ ಗಟ್ಟಿ ಹಿಮ. ಒಬ್ಬರ ಭಾರಕ್ಕೂ ಜಾರಬಹುದು, ಕಡಿದಾದ ಕಡೆ ಹೋಗಬೇಡಿ — ಸ್ಪಷ್ಟವಾಗಿಯೇ ಇತ್ತು. ಆದರೆ ಬಿರುಗಾಳಿಯಿಂದಾಗಿ ಅಲ್ಲಿಯವರೆಗೆ ಕೋಣೆಯಲ್ಲೇ ಕೂತಿದ್ದೆವು, ಮರುದಿನ ಹೊರಡಬೇಕಿತ್ತು, ಹೊರಗೆ ಬಿಸಿಲು ಬಿದ್ದಿತ್ತು. ಆಸೆ — ಅದಕ್ಕೆ ಬೇರೆ ಹೆಸರಿಲ್ಲ.

"ರಿಪೋರ್ಟ್ ನೋಡಿದೇನು? ಹ್ಯಾಂಗ ಅದ ಇವತ್ತ?" ಎಂದು ಅವನು ಕೇಳಿದ.

"ನೋಡ್ದೆ ಕಣೋ. ಏನೂ ತೊಂದರೆ ಇಲ್ಲ."

ಬೆಟ್ಟದ ನೆತ್ತಿಯ ಹತ್ತಿರ ಕಾಲಡಿಯ ಹಿಮ 'ಧುಮ್' ಎಂದು ಕುಸಿದು ಕೂತಿತು. ಒಳಪದರ ಮುರಿಯುವ ಸದ್ದು ಅದು. ಅದನ್ನು ಕೇಳಿದರೆ ಹಿಂದಿರುಗಬೇಕೆಂದು ಕಲಿತವನು ನಾನು. ಏನೂ ಕಲಿಯದ ಪ್ರಕಾಶನೇ ನಿಂತ.

"ಏನಿದು ಸಪ್ಪಳ? ಹೊಳ್ಳಿ ಹೋಗೋಣೇನು?"

"ಹೊಸ ಹಿಮ ಕೂರ್ತಾ ಇದೆ, ಅಷ್ಟೆ. ನೀನೇ ಮೊದಲು ಇಳಿ."

ಇಳಿದ. ಕೆಲವೇ ತಿರುವು ಹಾಕಿರಬಹುದು — ಅವನ ಮೇಲುಗಡೆ ಗಾಜಿನಂತೆ ಬಿರುಕು ಓಡಿತು, ಇಳಿಜಾರು ಪೂರ್ತಿ ಹರಿಯತೊಡಗಿತು. ಪೈನ್ ಮರಗಳ ಬಳಿ ಅವನು ಕಾಣದಾದ. ಅವನ ಎದೆಗೆ ಕಟ್ಟಿದ್ದ ಯಂತ್ರದ ಸಂಕೇತ ಹಿಡಿದು ಹುಡುಕಿದೆ, ಅಗೆದೆ. ಮುಖ ನೀಲಿಯಾಗಿತ್ತು. ಬಾಯಿಂದ ಹಿಮ ತೆಗೆದ ಮೇಲೆ ಉಸಿರು ಬಂತು.

ಸುದ್ದಿ ತಿಳಿದು ನೀವು ವಿಮಾನದಲ್ಲಿ ಆಸ್ಪತ್ರೆಗೆ ಬಂದಿರಿ. "ಅಲ್ಲಿ ಹೋಗಬಾರದಂತ ನಿಮಗ ಗೊತ್ತಿರಲಿಲ್ಲೇನ್ರಿ ಅಣ್ಣಾ?" ಎಂದಿರಿ. ಆಗ ನಾನು —

"ನಾನು ಬೇಡ ಅಂದೆ. ಅವನು ಕೇಳಲಿಲ್ಲ."

ನೀವು ನನ್ನ ಕೈ ಹಿಡಿದು ಅತ್ತಿರಿ. "ನೀವಿರದಿದ್ರ ಇವರು ಉಳೀತಿದ್ದಿಲ್ರಿ" ಎಂದಿರಿ. ಅವನಿಗೆ ಎಚ್ಚರವಾದರೆ ಎಲ್ಲ ಬಯಲಾಗುತ್ತದೆಂದು ಕಾದೆ. ಆದರೆ ತಲೆಗೆ ಬಿದ್ದ ಪೆಟ್ಟಿನಿಂದ ಆ ದಿನವೇ ಅವನ ನೆನಪಿನಲ್ಲಿ ಉಳಿದಿರಲಿಲ್ಲ. ನನಗೆ ಸಮಾಧಾನವಾಯಿತು, ಸವಿತಾ. ಅದನ್ನೂ ಹೇಳಬೇಕು.

ಮರಕ್ಕೆ ಬಡಿದ ಭುಜದ ನರ ಕೂಡಿಕೊಳ್ಳಲಿಲ್ಲ. ಬಲಗೈ ಹಿಡಿತ ಹೋಯಿತು, ಕ್ಲಿನಿಕ್ ಮುಚ್ಚಿತು. ಅಂದಿನಿಂದ ಊಟಕ್ಕೆ ಸೇರಿದಾಗಲೆಲ್ಲ ನೀವು ಅವನ ಹುಂಬತನದ ಮಾತೆತ್ತುತ್ತೀರಿ. "ಡ್ಯಾಡ್ ನೆವರ್ ಲಿಸನ್ಸ್" ಎನ್ನುತ್ತಾಳೆ ನಿಮ್ಮ ಮಗಳು. ಅವನು ಎಡಗೈಯಲ್ಲಿ ಅನ್ನ ಕಲಸುತ್ತಾ ತಲೆ ತಗ್ಗಿಸುತ್ತಾನೆ. ನಾನು ಅದೇ ಮೇಜಿನಲ್ಲಿ ಕೂತು ಇನ್ನೊಂದು ಹಪ್ಪಳ ತೆಗೆದುಕೊಂಡಿದ್ದೇನೆ.

ಕಳೆದ ಬಾರಿ ಕಾರಿನ ತನಕ ಕಳಿಸಲು ಬಂದವನು ಮೆಲ್ಲಗೆ ಹೇಳಿದ: "ನಿನ್ನ ಮಾತು ಕೇಳಬೇಕಿತ್ತು ನಾ. ನಿನ್ನ ಜೀವಕ್ಕೂ ಅಪಾಯ ತಂದೆ. ಕ್ಷಮಿಸಪಾ."

"ಬಿಡೋ, ಆಗಿದ್ದು ಆಗ್ಹೋಯ್ತು" ಎಂದೆ. ನಾನು — ಅವನನ್ನು — ಕ್ಷಮಿಸಿದೆ!

ಆ ಮಾತು ಆಡಿದ ಮೇಲೆ ನನ್ನ ಬಾಯಿ ನನಗೇ ಅಸಹ್ಯವಾಗಿದೆ. ಅವನ ಕೈಯನ್ನು ನಾನು ಹಿಂದಿರುಗಿಸಲಾರೆ. ಮಗಳ ಕಣ್ಣಲ್ಲಿ ಅವನು ಕಳೆದುಕೊಂಡದ್ದನ್ನಾದರೂ — ಗೊತ್ತಿಲ್ಲ.

ಪ್ರಕಾಶನ ಮುಂದೆ ಇದನ್ನೇ ಹೇಳಲು ಶನಿವಾರ ಬರುತ್ತಿದ್ದೇನೆ. ಮಗಳೂ ಮನೆಯಲ್ಲಿರಲಿ, ಅವಳಿಗೆ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳುತ್ತೇನೆ. ಒಳಗೆ ಕರೆಯಲು ನಿಮಗೆ ಮನಸ್ಸಾಗದಿದ್ದರೆ, ಬಾಗಿಲಲ್ಲೇ ನಿಂತು ಹೇಳುತ್ತೇನೆ.